ಕಿರುರೈಲಿನ ಅಳತೆ

ದಕ್ಷಿಣ ಜರ್ಮನಿಯಲ್ಲಿ ಗೊಪ್ಪಿಂಗೆನ್ ಎಂಬ ಒಂದು ಪಟ್ಟಣವಿದೆ. 1859ರಲ್ಲಿ ಥಿಯೋಡೋರ್ ಮಾರ್ಕ್ಲಿನ್ ಎಂಬ ತಗಡಿನ ಕೆಲಸಗಾರನು ಅಲ್ಲಿ ಮಕ್ಕಳ ಆಟದ ಸಾಮಾನುಗಳನ್ನು ಮಾಡಲು ಆರಂಭಿಸಿದನು. ಗೊಂಬೆಗಳ ಅಡಿಗೆಮನೆಗೆ ಬೇಕಾದ ಪುಟ್ಟ ಪುಟ್ಟ ಪಾತ್ರೆಪರಟಿಗಳೇ ಅವನ ಸರಕು. ಅವನ ಹೆಂಡತಿ ಕ್ಯಾರೊಲೀನ್ ಅವುಗಳನ್ನು ಊರಿಂದೂರಿಗೆ ಕೊಂಡೊಯ್ದು ಮಾರುತ್ತಿದ್ದಳು. 1866ರಲ್ಲಿ ಗಂಡನು ತೀರಿಕೊಂಡ ಮೇಲೂ ಆಕೆ ಧೃತಿಗೆಡದೆ ಕಸುಬನ್ನು ಉಳಿಸಿಕೊಂಡು ಬಂದಳು. ಮುಂದೆ ಮಕ್ಕಳು ಅದನ್ನು ವಹಿಸಿಕೊಂಡರು.

ಗೊಂಬೆಮನೆಯ ವ್ಯಾಪಾರದಲ್ಲಿ ಒಂದು ಗುಟ್ಟಿದೆ. ಅದನ್ನು ಯಾರೂ ಒಮ್ಮೆಗೇ ಕೊಂಡು ಮುಗಿಸುವುದಿಲ್ಲ. ಈ ವರ್ಷ ಮನೆ ಬಂದರೆ ಮುಂದಿನ ವರ್ಷ ಮಂಚ, ಅದರ ಮುಂದಿನ ವರ್ಷ ಮೇಜು. ಈ ಗುಟ್ಟನ್ನು ಮಾರ್ಕ್ಲಿನ್ ಸೋದರರು ರೈಲಿಗೆ ಅನ್ವಯಿಸಿದರು. 1891ರಲ್ಲಿ ಲೈಪ್‌ಜಿಗ್ ನಗರದ ವಸಂತಕಾಲದ ವ್ಯಾಪಾರ ಮೇಳದಲ್ಲಿ ಅವರು ಕೀಲಿಕೊಟ್ಟರೆ ಓಡುವ ಒಂದು ಆಟದ ರೈಲನ್ನು ಪ್ರದರ್ಶಿಸಿದರು. ಆಟದ ರೈಲುಗಳು ಅದಕ್ಕೆ ಹಿಂದೆಯೂ ಇದ್ದುವು. ಆದರೆ ಇದರ ಹಳಿ, ಎಂಜಿನು, ಬಂಡಿಗಳನ್ನು ಬಿಡಿಬಿಡಿಯಾಗಿ ಕೊಂಡು ಹಳೆಯದಕ್ಕೆ ಹೊಸದನ್ನು ಸೇರಿಸುತ್ತ ಹೋಗಬಹುದಾಗಿತ್ತು. ಹಾಗೆ ಸೇರಬೇಕಾದರೆ ಎರಡು ಹಳಿಗಳ ನಡುವಣ ಅಂತರ ಎಲ್ಲ ಕಾಲಕ್ಕೂ ಒಂದೇ ಆಗಿರಬೇಕು. ಆದುದರಿಂದ ಅವರು ಹಳಿಯಗಲವನ್ನು ನಿಗದಿ ಮಾಡಿ, ಚಿಕ್ಕದರಿಂದ ದೊಡ್ಡದಕ್ಕೆ ಒಂದು, ಎರಡು, ಮೂರು ಎಂದು ಅಂಕಿಗಳನ್ನು ಕೊಟ್ಟರು. ಒಂದನೆಯ ಗೇಜಿನಲ್ಲಿ ಹಳಿಗಳ ನಡುವಣ ಅಂತರ 45 ಮಿ.ಮೀ.

ಒಂದನೆಯದೇ ಅತ್ಯಂತ ಚಿಕ್ಕದು ಎಂದು ಅವರು ಭಾವಿಸಿದ್ದರು. ಕೆಲವೇ ವರ್ಷಗಳಲ್ಲಿ ಅದಕ್ಕಿಂತ ಚಿಕ್ಕದೂ ಬೇಕಾಯಿತು. ಒಂದಕ್ಕಿಂತ ಚಿಕ್ಕ ಅಂಕಿ ಸೊನ್ನೆ. ಆದುದರಿಂದ 32 ಮಿ.ಮೀ. ಅಗಲದ ಹೊಸ ಹಳಿಗೆ ಸೊನ್ನೆಯ ಗೇಜು ಎಂದೇ ಹೆಸರಾಯಿತು. ಮೊದಲನೆಯ ಮಹಾಯುದ್ಧದ ಅನಂತರ ಸೊನ್ನೆಯೂ ದೊಡ್ಡದೆನಿಸಿತು. ನ್ಯೂರೆಂಬರ್ಗಿನ ಬಿಂಗ್ ಸಂಸ್ಥೆ ಊಟದ ಮೇಜಿನ ಮೇಲೆ ಹಿಡಿಸುವಂತಹ ರೈಲೊಂದನ್ನು ತಯಾರಿಸಿತು. ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಸಂಸ್ಥೆ 1922ರಲ್ಲಿ ಅದನ್ನು ಇಂಗ್ಲೆಂಡಿನ ಮಾರುಕಟ್ಟೆಗೆ ತಂದಿತು. ಸೊನ್ನೆಗಿಂತ ಚಿಕ್ಕ ಅಂಕಿಗೆ ಎಲ್ಲಿ ಹೋಗುವುದು? ಜರ್ಮನರು ‘ಅರ್ಧ ಸೊನ್ನೆ’ ಎಂದರು. ಗಣಿತದಲ್ಲಿ ಅರ್ಧ ಸೊನ್ನೆಯೂ ಸೊನ್ನೆಯೇ ಎಂಬುದನ್ನು ಆಟಿಕೆಯ ವ್ಯಾಪಾರಿಗಳು ಲೆಕ್ಕಿಸಲಿಲ್ಲ. ಆ ಎರಡು ಜರ್ಮನ್ ಪದಗಳ ಮೊದಲಕ್ಷರಕ್ಕೆ ಸೊನ್ನೆಯನ್ನು ಸೇರಿಸಿ ಅದನ್ನು ‘ಎಚ್‌ಓ’ ಎನ್ನುವುದು ರೂಢಿಯಾಯಿತು. ಇಂದು ಜಗತ್ತಿನಲ್ಲಿ ಅತ್ಯಂತ ಹೆಚ್ಚು ಜನ ಹಿಡಿದಿರುವ ಅಳತೆ ಇದೇ.

ಕಿರುರೈಲನ್ನು ಕಟ್ಟುವುದು ಯೂರೋಪ್, ಅಮೆರಿಕ, ಜಪಾನ್ ದೇಶಗಳಲ್ಲಿ ಲಕ್ಷಾಂತರ ಜನರ ಹವ್ಯಾಸ. ಅವರಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು. ಈ ಹವ್ಯಾಸಕ್ಕೆ ಕೈಹಾಕುವವನು ಮೊಟ್ಟಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಯಾವ ಅಳತೆಯಲ್ಲಿ ಕಟ್ಟುವುದು? ಕೇಳುವುದಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಇದಕ್ಕೆ ಒಮ್ಮೆ ಉತ್ತರಿಸಿದ ಮೇಲೆ ಎಂಜಿನು, ಬೋಗಿ, ಹಳಿ, ಸೇತುವೆ, ಮನೆ, ಮರ, ಮನುಷ್ಯ ಎಲ್ಲವೂ ಆ ಅಳತೆಗೆ ಕಟ್ಟುಬಿದ್ದಂತೆ. ಹತ್ತು ವರ್ಷ ದುಡಿದು ಕೂಡಿಸಿದ ಮೇಲೆ ಅಳತೆ ಒಗ್ಗಲಿಲ್ಲವೆಂದರೆ ಒಂದು ತೊಲೆಯನ್ನಾದರೂ ಉಳಿಸಿಕೊಳ್ಳಲು ಬರುವುದಿಲ್ಲ. ಎಲ್ಲವನ್ನೂ ಮಾರಿ ಮೊದಲಿನಿಂದ ತೊಡಗಬೇಕು.

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ. ಪ್ರಮಾಣ ಎಂದರೆ ನಿಜವಾದ ವಸ್ತುವನ್ನು ಎಷ್ಟು ಪಾಲು ಕುಗ್ಗಿಸಲಾಗಿದೆ ಎಂಬುದು. ಭೂಪಟದ ಮೂಲೆಯಲ್ಲಿ ಕಾಣುವ ಪ್ರಮಾಣವೂ ಇದೇ. ಗೇಜು ಎಂದರೆ ಎರಡು ಹಳಿಗಳ ನಡುವಣ ಅಂತರ. ಪ್ರಪಂಚದ ಬಹುಪಾಲು ರೈಲುಗಳು ಓಡುವ ಸ್ಟ್ಯಾಂಡರ್ಡ್ ಗೇಜು 1435 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 16.5 ಮಿ.ಮೀ. ಬರುತ್ತದೆ. ಎಚ್‌ಓ ಅಳತೆಯ ಹಳಿಯಗಲ ಇದೇ. ಅದರ ಪ್ರಮಾಣ 1:87. ಅಂದರೆ 87 ಮೀಟರ್ ಉದ್ದದ ವಸ್ತು ಅಲ್ಲಿ ಒಂದು ಮೀಟರ್ ಆಗುತ್ತದೆ. ಪ್ರಮಾಣವೂ ಗೇಜೂ ಹೀಗೆ ಒಂದಕ್ಕೊಂದು ಹೊಂದಿಕೊಂಡಿದ್ದರೆ ತೊಂದರೆಯಿಲ್ಲ. ಹೊಂದದಿದ್ದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಕಥೆಯೇ ಸಾಕ್ಷಿ.

ರೈಲುಮಾರ್ಗವನ್ನು ಪ್ರಪಂಚಕ್ಕೆ ಕೊಟ್ಟವರು ಇಂಗ್ಲಿಷರು. ಮೊದಲು ಕಟ್ಟಿದವರಾದುದರಿಂದ ಅವರ ಸುರಂಗಗಳೂ ಸೇತುವೆಗಳೂ ಇಕ್ಕಟ್ಟಾಗಿದ್ದುವು. ಅವುಗಳೊಳಗೆ ನುಸುಳಬೇಕಾದ ಎಂಜಿನುಗಳು ಜರ್ಮನಿ, ಫ್ರಾನ್ಸ್ ದೇಶಗಳ ಎಂಜಿನುಗಳಿಗಿಂತ ಕಿರಿದಾಗಿದ್ದುವು. ಜರ್ಮನಿಯ ಎಂಜಿನನ್ನು 87 ಪಾಲು ಕುಗ್ಗಿಸಿದರೂ ಒಳಗೆ ಯಂತ್ರಕ್ಕೆ ಜಾಗವಿರುತ್ತಿತ್ತು. ಇಂಗ್ಲೆಂಡಿನ ಎಂಜಿನನ್ನು ಅಷ್ಟೇ ಕುಗ್ಗಿಸಿದರೆ ಆ ಕಾಲದ ಮೋಟಾರು ಅದರ ಹೊಟ್ಟೆಯೊಳಕ್ಕೆ ಹಿಡಿಸುತ್ತಿರಲಿಲ್ಲ. ಹೆನ್ರಿ ಗ್ರೀನ್ಲಿ ಎಂಬ ಎಂಜಿನಿಯರನು ಒಂದು ಉಪಾಯ ಹೇಳಿದನು: ಹಳಿಯನ್ನು ಹಾಗೆಯೇ ಬಿಡುವುದು, ಗಾಡಿಯನ್ನು ಮಾತ್ರ ಸ್ವಲ್ಪ ದೊಡ್ಡದು ಮಾಡುವುದು. ಒಂದು ಅಡಿಗೆ ಮೂರೂವರೆ ಮಿ.ಮೀ. ಬದಲು ನಾಲ್ಕು ಮಿ.ಮೀ. ತೆಗೆದುಕೊಂಡದ್ದರಿಂದ ಪ್ರಮಾಣ ಸುಮಾರು 1:76 ಆಯಿತು. ಇದಕ್ಕೆ ‘ಓಓ’ ಎಂದು ಹೆಸರು. ಲಿವರ್‌ಪೂಲಿನ ಹಾರ್ನ್‌ಬಿ ಸಂಸ್ಥೆ 1938ರಲ್ಲಿ ಇದೇ ಅಳತೆಯಲ್ಲಿ ತನ್ನ ಪ್ರಸಿದ್ಧವಾದ ಡಬ್ಲೋ ರೈಲುಗಳನ್ನು ಹೊರತಂದಿತು.

ಉಪಾಯವೇನೋ ಫಲಿಸಿತು. ಆದರೆ 1435 ಮಿ.ಮೀ. ಅನ್ನು 76.2ರಿಂದ ಭಾಗಿಸಿದರೆ 18.83 ಬರುತ್ತದೆ, ಕೆಳಗಿರುವ ಹಳಿಯಾದರೋ 16.5 ಮಾತ್ರ. ಅಂತರ ಎರಡೂಕಾಲು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಇದನ್ನು ಮತ್ತೆ ನಿಜಗಾತ್ರಕ್ಕೆ ಹಿಗ್ಗಿಸಿ ನೋಡಿದರೆ ಹಳಿ ಸುಮಾರು 18 ಸೆಂ.ಮೀ.ನಷ್ಟು ಇಕ್ಕಟ್ಟಾದಂತೆ. ಎಂಜಿನನ್ನು ಎದುರಿನಿಂದ ನೋಡುವವನಿಗೆ ದಪ್ಪ ಮೈಯ ಕೆಳಗೆ ಕಾಲುಗಳನ್ನು ಜೋಡಿಸಿ ನಿಂತ ಮನುಷ್ಯನ ನೆನಪಾಗುತ್ತದೆ. ಮೋಟಾರುಗಳು ಚಿಕ್ಕದಾಗಿ ಎಷ್ಟೋ ಕಾಲವಾಯಿತು. ಮೂಲ ಕಾರಣ ಇಲ್ಲವಾದರೂ ಅದರ ಫಲ ಮಾತ್ರ ಹಾಗೆಯೇ ಉಳಿದಿದೆ. ಇಂಗ್ಲೆಂಡಿನಲ್ಲಿ ಇಂದಿಗೂ ಅತ್ಯಂತ ಬಳಕೆಯಲ್ಲಿರುವುದು ಓಓ. ಲಕ್ಷಾಂತರ ಮನೆಗಳಲ್ಲಿ ಆ ಹಳಿ ಇರುವಾಗ ಯಾವ ತಯಾರಕನೂ ಒಬ್ಬನೇ ಹೊಸ ಅಳತೆಗೆ ಹೋಗಲಾರನು. ತಯಾರಕನು ಹೋಗದಿರುವಾಗ ಕೊಳ್ಳುವವನೂ ಹೋಗಲಾರನು. ಈ ಕೊರತೆಯನ್ನು ಸಹಿಸದ ಕೆಲವರು 18 ಮಿ.ಮೀ.ನ ಹಳಿಯನ್ನು ತಾವೇ ಮಾಡಿಕೊಂಡರು. 1960ರ ದಶಕದಲ್ಲಿ ಇನ್ನೂ ಕಟ್ಟುನಿಟ್ಟಿನ ಒಂದು ಗುಂಪು 18.83 ಮಿ.ಮೀ.ಗಿಂತ ಕಡಮೆಗೆ ಒಪ್ಪುವುದಿಲ್ಲವೆಂದಿತು. ಹೀಗೆ ಒಂದೇ ಪ್ರಮಾಣಕ್ಕೆ ಮೂರು ಬಗೆಯ ಹಳಿಗಳಾದುವು. ಒಬ್ಬನ ಎಂಜಿನು ಮತ್ತೊಬ್ಬನ ಹಳಿಯ ಮೇಲೆ ನಿಲ್ಲುವುದಿಲ್ಲ.

ಅರ್ಧ ಸೊನ್ನೆಯೊಂದಿಗೆ ಕುಗ್ಗುವಿಕೆ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದ ಅನಂತರ 12 ಮಿ.ಮೀ. ಹಳಿಯ ‘ಟಿಟಿ’ ಬಂದಿತು. ಅಮೆರಿಕದಲ್ಲಿ ಹುಟ್ಟಿದ ಅದು ಪೂರ್ವ ಜರ್ಮನಿಯ ಚಿಕ್ಕ ಮನೆಗಳಲ್ಲಿ ನೆಲೆಯೂರಿತು. 1960ರ ದಶಕದ ಆರಂಭದಲ್ಲಿ ನ್ಯೂರೆಂಬರ್ಗಿನ ಆರ್ನಾಲ್ಡ್ ಸಂಸ್ಥೆ 9 ಮಿ.ಮೀ. ಹಳಿಯ ರೈಲನ್ನು ತಂದಿತು. ಒಂಬತ್ತು ಎಂಬ ಪದ ಜರ್ಮನ್ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ‘ಎನ್’ ಅಕ್ಷರದಿಂದಲೇ ಆರಂಭವಾಗುವುದರಿಂದ ಅದಕ್ಕೆ ‘ಎನ್’ ಎಂದು ಹೆಸರಿಟ್ಟರು, ಪ್ರಮಾಣ 1:160. ಮಾರ್ಕ್ಲಿನ್ ಸಂಸ್ಥೆ 1972ರಲ್ಲಿ 6.5 ಮಿ.ಮೀ. ಹಳಿಯ, 1:220 ಪ್ರಮಾಣದ ರೈಲನ್ನು ತಯಾರಿಸಿ, ಇದಕ್ಕಿಂತ ಚಿಕ್ಕದು ಇನ್ನಿರಲಾರದೆಂಬ ಭಾವನೆಯಿಂದ ವರ್ಣಮಾಲೆಯ ಕೊನೆಯ ಅಕ್ಷರವಾದ ‘ಝೆಡ್’ ಅನ್ನು ಅದಕ್ಕೆ ಕೊಟ್ಟಿತು. ಈ ಶತಮಾನದಲ್ಲಿ ಜಪಾನಿನಿಂದ ಮೂರು ಮಿ.ಮೀ. ಹಳಿಯ ರೈಲೂ ಬಂದಿದೆ. ಅಂಕಿಗಳು ಮುಗಿದಂತೆ ಅಕ್ಷರಗಳೂ ಮುಗಿದುವು.

ಇಷ್ಟು ಬಗೆಗಳಿರುವಾಗ ಆರಿಸುವುದು ಹೇಗೆ? ಮೊದಲು ನೋಡಬೇಕಾದುದು ಸ್ಥಳ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಈ ಹವ್ಯಾಸಕ್ಕೆ ಅಕ್ಷರಶಃ ಸಲ್ಲುತ್ತದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಪ್ಲೈವುಡ್ ಹಲಗೆಯನ್ನು ತೆಗೆದುಕೊಳ್ಳೋಣವೆಂದರೆ ಅದರ ಉದ್ದ ಸುಮಾರು 2.4 ಮೀಟರ್. ಎಚ್‌ಓ ಪ್ರಮಾಣದಲ್ಲಿ ಇದು ಕೇವಲ 209 ಮೀಟರ್ ನೆಲಕ್ಕೆ ಸಮ. ಎನ್ ಪ್ರಮಾಣದಲ್ಲಿ 384 ಮೀಟರ್, ಝೆಡ್ ಪ್ರಮಾಣದಲ್ಲಿ 528 ಮೀಟರ್. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರಂ ಪ್ರಪಂಚದಲ್ಲೇ ಅತ್ಯಂತ ಉದ್ದವಾದುದು. ಅದರ ಉದ್ದ 1507 ಮೀಟರ್. ಆ ಪ್ಲಾಟ್‌ಫಾರಮನ್ನು ಎಚ್‌ಓ ಪ್ರಮಾಣದಲ್ಲಿ ಯಥಾವತ್ತಾಗಿ ಮಾಡಲು 17 ಮೀಟರ್‌ಗಿಂತ ಹೆಚ್ಚು ಜಾಗ ಬೇಕು. ಅಂದರೆ ಅಂತಹ ಏಳು ಹಲಗೆಗಳನ್ನು ಸಾಲಾಗಿ ಜೋಡಿಸಿದರೂ ಸಾಲದು. ಎನ್ ಪ್ರಮಾಣದಲ್ಲಿ ಒಂಬತ್ತೂವರೆ ಮೀಟರ್, ಝೆಡ್ ಪ್ರಮಾಣದಲ್ಲಿ ಸುಮಾರು ಏಳು ಮೀಟರ್. ಹಳೆಯ ಸೊನ್ನೆಯ ಗೇಜಿನಲ್ಲಾದರೆ ಶಾಲೆಯ ಆಟದ ಬಯಲೇ ಬೇಕಾದೀತು.

ಉದ್ದಕ್ಕಿಂತ ಹೆಚ್ಚು ಕಾಡುವುದು ತಿರುವು. ಅರ್ಧ ಕಿಲೋಮೀಟರ್ ತ್ರಿಜ್ಯದ ತಿರುವು ನಿಜವಾದ ಮಾರ್ಗದಲ್ಲಿ ಅಸಾಧಾರಣವೇನಲ್ಲ. ಅದನ್ನು 87 ಪಾಲು ಕುಗ್ಗಿಸಿದರೆ ತ್ರಿಜ್ಯ 5.75 ಮೀಟರ್ ಆಗುತ್ತದೆ. ರೈಲು ಒಮ್ಮೆ ಹಿಂದಿರುಗಿ ಬರಬೇಕಾದರೆ ಅದರ ಎರಡರಷ್ಟು ಅಗಲದ ಕೋಣೆ ಬೇಕು. ಅಂತಹ ಕೋಣೆ ಯಾರ ಮನೆಯಲ್ಲಿದೆ? ಆದುದರಿಂದ ತಯಾರಕರು ಅತಿ ಬಿರುಸಾದ ತಿರುವುಗಳನ್ನು ಮಾಡಿ ಮಾರುತ್ತಾರೆ. ಎಚ್‌ಓ ಅಳತೆಯಲ್ಲಿ 36 ಸೆಂ.ಮೀ. ತ್ರಿಜ್ಯದ ತಿರುವು ಸಿಗುತ್ತದೆ. ಎನ್ ಅಳತೆಯಲ್ಲಿ ಸುಮಾರು 19, ಝೆಡ್ ಅಳತೆಯಲ್ಲಿ 14.5 ಸೆಂ.ಮೀ. ಗಾಡಿಗಳು ತಿರುಗುವುದೇನೋ ನಿಜ. ಆದರೆ ಯೂರೋಪಿನ 26.4 ಮೀಟರ್ ಉದ್ದದ ಬೋಗಿ ಎಚ್‌ಓ ಪ್ರಮಾಣದಲ್ಲಿ 30 ಸೆಂ.ಮೀ. ಆಗುತ್ತದೆ. ಅಷ್ಟು ಬಿರುಸಾದ ತಿರುವಿನಲ್ಲಿ ಅದರ ತಲೆಬಾಲಗಳು ಹೊರಕ್ಕೂ ನಡು ಒಳಕ್ಕೂ ಚಾಚಿಕೊಳ್ಳುತ್ತವೆ. ಐದು ಬೋಗಿಗಳ ರೈಲು ಒಂದೂವರೆ ಮೀಟರ್ ಉದ್ದವಾಗಿ, ಎಂಟಡಿಯ ಹಲಗೆಯ ಮೇಲೆ ತನ್ನ ಬಾಲವನ್ನು ತಾನೇ ಅಟ್ಟಿಕೊಂಡು ಹೋಗುವಂತೆ ಕಾಣುತ್ತದೆ. ಅದೇ ರೈಲು ಎನ್ ಅಳತೆಯಲ್ಲಿ 83 ಸೆಂ.ಮೀ. ಆಗಿ, ಅದರ ಹಿಂದೆಯೂ ಮುಂದೆಯೂ ಹೊಲ, ಗುಡ್ಡ, ಸೇತುವೆಗಳಿಗೆ ಎಡೆಯಿರುತ್ತದೆ. ಅನುಭವಿಗಳು ಯಾವುದನ್ನೂ ಕೊಳ್ಳುವ ಮುನ್ನ ಹಳಿಯ ನಕ್ಷೆಯನ್ನು ಪೂರ್ಣ ಅಳತೆಯಲ್ಲಿ ಕಾಗದದ ಮೇಲೆ ಬರೆದು ನೆಲದ ಮೇಲೆ ಹಾಸಿ ನೋಡುತ್ತಾರೆ. ಹಲಗೆಯ ಅಂಚು, ಬಾಗಿಲು ತೆರೆಯುವ ಜಾಗ, ಒಬ್ಬನು ಕೈ ಚಾಚಿದರೆ ತಲಪುವ ದೂರ ಎಲ್ಲವೂ ಆಗಲೇ ತಿಳಿದುಬರುತ್ತವೆ.

ಇಷ್ಟಾದ ಮೇಲೆ ಚಿಕ್ಕದೇ ಮೇಲೆಂದು ತೋರಬಹುದು. ಇಲ್ಲಿ ಪ್ರಕೃತಿಯ ಒಂದು ನಿಯಮ ಅಡ್ಡ ಬರುತ್ತದೆ. ಉದ್ದವನ್ನು 87 ಪಾಲು ಕುಗ್ಗಿಸಿದಾಗ ಮೇಲ್ಮೈ 87ರಿಂದಲ್ಲ, 87ರ ವರ್ಗದಿಂದ, ಅಂದರೆ 7,569 ಪಾಲಿನಿಂದ ಕುಗ್ಗುತ್ತದೆ. ಘನಗಾತ್ರವಾದರೋ 87ರ ಘನದಿಂದ, 6,58,503 ಪಾಲಿನಿಂದ ಕುಗ್ಗುತ್ತದೆ. ತೂಕವು ಘನಗಾತ್ರವನ್ನು ಅನುಸರಿಸುವುದರಿಂದ 80 ಟನ್ ತೂಕದ ಎಂಜಿನು ಎಚ್‌ಓ ಪ್ರಮಾಣದಲ್ಲಿ ಲೆಕ್ಕದಂತೆ ಕೇವಲ 121 ಗ್ರಾಂ ಇರಬೇಕು. ಎನ್ ಪ್ರಮಾಣದಲ್ಲಿ ಅದು 20 ಗ್ರಾಮಿಗೆ ಇಳಿಯುತ್ತದೆ. ಝೆಡ್ ಪ್ರಮಾಣದಲ್ಲಿ ಏಳೂವರೆ ಗ್ರಾಂ. ಉದ್ದದಲ್ಲಿ ಸೊನ್ನೆಯ ಗೇಜಿನ ಎಂಜಿನು ಎಚ್‌ಓ ಎಂಜಿನಿನ ಎರಡರಷ್ಟು ಮಾತ್ರ. ತೂಕದಲ್ಲಿ ಅದು ಎಂಟರಷ್ಟು, ಸುಮಾರು ಒಂದು ಕಿಲೋಗ್ರಾಂ.

ಹಳಿಯನ್ನು ಕಚ್ಚಿ ಎಳೆಯಲು ಎಂಜಿನಿಗೆ ತೂಕ ಬೇಕು. ಕಿರುರೈಲಿಗೆ ವಿದ್ಯುತ್ತು ಹಳಿಯಿಂದ ಚಕ್ರದ ಮೂಲಕವೇ ಹರಿಯುವುದರಿಂದ, ಚಕ್ರವು ಹಳಿಯನ್ನು ಒತ್ತಿ ಹಿಡಿಯುವುದಕ್ಕೂ ತೂಕ ಬೇಕು. ಹಗುರವಾದ ಎಂಜಿನಿಗೆ ಒಂದು ಧೂಳಿನ ಕಣ ಅಡ್ಡವಾದರೆ ಸಾಕು, ನಡುದಾರಿಯಲ್ಲಿ ನಿಂತುಬಿಡುತ್ತದೆ. ಧೂಳು ಯಾರ ಪ್ರಮಾಣಕ್ಕೂ ಕುಗ್ಗುವುದಿಲ್ಲವಷ್ಟೆ. ತಯಾರಕರು ಎಂಜಿನಿನ ಒಳಗೆ ಭಾರವಾದ ಲೋಹವನ್ನು ತುಂಬಿ ಈ ಕೊರತೆಯನ್ನು ಆದಷ್ಟು ನೀಗಿಸುತ್ತಾರೆ. ಆದರೂ ಚಿಕ್ಕ ಅಳತೆಯ ರೈಲನ್ನು ಇಟ್ಟುಕೊಂಡವನು ಹಳಿಯನ್ನು ಒರಸುವುದರಲ್ಲಿ ಹೆಚ್ಚು ಹೊತ್ತು ಕಳೆಯಬೇಕಾಗುತ್ತದೆ. ನೀರಿನ ಕಥೆಯೂ ಹೀಗೆಯೇ. ಪುಟ್ಟ ಹೊಳೆಯಲ್ಲಿ ನಿಜವಾದ ನೀರನ್ನು ಹರಿಸಿದರೆ ಒಂದೊಂದು ಹನಿಯೂ ಪುಟ್ಟ ಮನುಷ್ಯನ ತಲೆಗಿಂತ ದೊಡ್ಡದಾಗಿ ಕಂಡು ಸೊಗಸು ಕೆಡುತ್ತದೆ. ಆದುದರಿಂದ ಹೊಳೆಗಳನ್ನು ಮೆರುಗೆಣ್ಣೆಯಿಂದಲೋ ರಾಳದಿಂದಲೋ ಮಾಡುತ್ತಾರೆ.

ಇದೇ ನಿಯಮ ಒಂದು ಕಡೆ ಉಪಕಾರವನ್ನೂ ಮಾಡುತ್ತದೆ. ಕಂಬದ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ, ಹೊರಬೇಕಾದ ಭಾರ ಘನಗಾತ್ರವನ್ನು. ಗೆಲಿಲಿಯೋ ಎರಡು ಹೊಸ ವಿಜ್ಞಾನಗಳನ್ನು ಕುರಿತು 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ವಸ್ತು ಚಿಕ್ಕದಾದಷ್ಟೂ ಭಾರವು ಬಲಕ್ಕಿಂತ ಬೇಗ ಕುಗ್ಗುತ್ತದೆ. ಆದುದರಿಂದಲೇ ಕಡ್ಡಿಯಂತಹ ಪ್ಲಾಸ್ಟಿಕ್ ಕಂಬಗಳ ಮೇಲೆ ನಿಂತ ಕಿರುಸೇತುವೆ ಕುಸಿಯುವುದಿಲ್ಲ. ಅದೇ ಆಕಾರದ ನಿಜಸೇತುವೆಯನ್ನು ಅದೇ ಪ್ಲಾಸ್ಟಿಕ್ಕಿನಿಂದ ಕಟ್ಟಿದರೆ ತನ್ನ ಭಾರವನ್ನು ತಾನೇ ತಾಳಲಾರದು.

ಕಣ್ಣು ಕೈಗಳ ವಿಚಾರವನ್ನು ಹೊಸಬರು ಸಾಮಾನ್ಯವಾಗಿ ಮರೆಯುತ್ತಾರೆ. 170 ಸೆಂ.ಮೀ. ಎತ್ತರದ ಮನುಷ್ಯ ಸೊನ್ನೆಯ ಗೇಜಿನಲ್ಲಿ ನಾಲ್ಕು ಸೆಂ.ಮೀ. ಇರುತ್ತಾನೆ, ಅವನ ಅಂಗಿಯ ಗುಂಡಿಗೆ ಬಣ್ಣ ಹಚ್ಚಬಹುದು. ಎಚ್‌ಓ ಪ್ರಮಾಣದಲ್ಲಿ ಎರಡು ಸೆಂ.ಮೀ., ಎನ್ ಪ್ರಮಾಣದಲ್ಲಿ ಒಂದು ಸೆಂ.ಮೀ. ಝೆಡ್ ಪ್ರಮಾಣದಲ್ಲಿ ಅವನು ಒಂದು ಅಕ್ಕಿಕಾಳಿಗಿಂತ ಹೆಚ್ಚು ದೊಡ್ಡವನಲ್ಲ. ಇಪ್ಪತ್ತರ ಹರೆಯದಲ್ಲಿ ಈ ಕಾಳನ್ನು ಚಿಮಟದಲ್ಲಿ ಹಿಡಿದು ನಿಲ್ಲಿಸುವುದು ಕಷ್ಟವಲ್ಲ. ಈ ಹವ್ಯಾಸವನ್ನು ಹಿಡಿದವರು ಸಾಮಾನ್ಯವಾಗಿ ಅರವತ್ತಾದರೂ ಬಿಡುವುದಿಲ್ಲ. ಅಷ್ಟು ಹೊತ್ತಿಗೆ ಕಣ್ಣು ಮಂಜಾಗಿರುತ್ತದೆ, ಬೆರಳು ನಡುಗುತ್ತದೆ. ಕಳಚಿಬಿದ್ದ ಬೋಗಿಯ ಎಂಟು ಚಕ್ರಗಳನ್ನೂ ಒಮ್ಮೆಗೇ ಹಳಿಯ ಮೇಲೆ ಕೂರಿಸುವುದು ಆಗ ತಾಳ್ಮೆಯ ಪರೀಕ್ಷೆಯೇ ಸರಿ. ಕೂಡಿಸಿದ್ದನ್ನೆಲ್ಲ ಮಾರಿ ದೊಡ್ಡ ಅಳತೆಗೆ ಬದಲಾಯಿಸಿದ ಮುದುಕರು ಎಲ್ಲ ದೇಶಗಳಲ್ಲೂ ಇದ್ದಾರೆ. ಚಿಕ್ಕದು ಅಗ್ಗವೆಂಬ ಭಾವನೆಯೂ ಸರಿಯಲ್ಲ. ಎಂಜಿನು ಚಿಕ್ಕದಾದರೆ ತಗಲುವ ಲೋಹ ಕಡಮೆಯಾಗಬಹುದು. ಅದನ್ನು ಕಡೆಯುವ ಸೂಕ್ಷ್ಮತೆ ಹೆಚ್ಚುತ್ತದೆ, ಹೀಗಾಗಿ ಬೆಲೆ ಹೆಚ್ಚೇನೂ ಇಳಿಯುವುದಿಲ್ಲ.

ದೊಡ್ಡ ಅಳತೆಗಳ ದಿನ ಮುಗಿಯಿತೆಂದು ಎಲ್ಲರೂ ಭಾವಿಸಿದ್ದಾಗ, 1968ರಲ್ಲಿ ನ್ಯೂರೆಂಬರ್ಗಿನ ಲೇಮನ್ ಸಂಸ್ಥೆ 1:22.5 ಪ್ರಮಾಣದ ರೈಲನ್ನು ಹೊರತಂದಿತು. ಅದರ ಹಳಿ ಮಾರ್ಕ್ಲಿನ್ನರ ಒಂದನೆಯ ಗೇಜಿನದೇ, 45 ಮಿ.ಮೀ. ಆದರೆ ಅದು ಕುಗ್ಗಿಸಿದ್ದು ಸ್ಟ್ಯಾಂಡರ್ಡ್ ಗೇಜಿನ ರೈಲನ್ನಲ್ಲ, ಮೀಟರ್‌ಗೇಜಿನ ರೈಲನ್ನು. ಮಳೆಗೂ ಮಣ್ಣಿಗೂ ಹೆದರದ ಈ ರೈಲು ಮನೆಯೊಳಗಿಂದ ಹೂದೋಟಕ್ಕೆ ಇಳಿಯಿತು.

ಜಪಾನಿನಲ್ಲಿ ಇದರ ವಿರುದ್ಧ ದಿಕ್ಕಿಗೆ ಗಾಳಿ ಬೀಸಿತು. ಅಲ್ಲಿಯ ನಗರದ ಮನೆಗಳಲ್ಲಿ ಮೇಜಿಗೇ ಸ್ಥಳ ದುರ್ಲಭ. 1965ರಲ್ಲಿ ಕಾಟೋ ಸಂಸ್ಥೆ ಸಿ50 ಎಂಬ ಉಗಿ ಎಂಜಿನಿನ ಮಾದರಿಯನ್ನು 9 ಮಿ.ಮೀ. ಹಳಿಗೆ ತಯಾರಿಸಿತು, ಅಂದಿನಿಂದ ಎನ್ ಅಳತೆಯೇ ಅಲ್ಲಿ ಮುಂದಾಯಿತು. ಇಲ್ಲಿಯೂ ಒಂದು ತೊಡಕು ಉಳಿಯಿತು. ಜಪಾನಿನ ಹಳೆಯ ಮಾರ್ಗಗಳ ಹಳಿಯಗಲ 1067 ಮಿ.ಮೀ. ಮಾತ್ರ, ಗಾಡಿಗಳೂ ಯೂರೋಪಿನವಕ್ಕಿಂತ ಕಿರಿದು. ಅವುಗಳನ್ನು 1:150ಕ್ಕೆ ಕುಗ್ಗಿಸಿದರೆ ಹಳಿ 7 ಮಿ.ಮೀ.ಗೆ ಬರಬೇಕು, ಆದರೆ ಓಡುವುದು 9ರ ಮೇಲೆ. ಸ್ಟ್ಯಾಂಡರ್ಡ್ ಗೇಜಿನ ಶಿಂಕಾನ್ಸೆನ್ ವೇಗದ ರೈಲನ್ನಾದರೋ 1:160ಕ್ಕೇ ಕುಗ್ಗಿಸುತ್ತಾರೆ. ಹೀಗೆ ಒಂದೇ ಹಳಿಯ ಮೇಲೆ ಎರಡು ಪ್ರಮಾಣಗಳ ಗಾಡಿಗಳು ಅಕ್ಕಪಕ್ಕದಲ್ಲಿ ಓಡುತ್ತವೆ. ಇಂಗ್ಲೆಂಡಿನವರ ಗಾಡಿ ಹಳಿಗೆ ದಪ್ಪವಾಯಿತು, ಜಪಾನಿನವರ ಹಳಿ ಗಾಡಿಗೆ ಅಗಲವಾಯಿತು.

ಭಾರತದ ರೈಲನ್ನು ಕಿರಿದುಮಾಡಲು ಹೊರಟವನು ಇನ್ನೊಂದು ಬಗೆಯ ಲೆಕ್ಕವನ್ನು ಬಿಡಿಸಬೇಕು. ಈ ದೇಶದ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಯೂರೋಪಿನ ಅಂಗಡಿಗಳಲ್ಲಿ ಸಿಗುವ ಸಿದ್ಧ ಹಳಿ 16.5 ಮಾತ್ರ. ಸಿದ್ಧ ಹಳಿಯ ಮೇಲೆ ಓಡಿಸಿದರೆ ಬ್ರಾಡ್‌ಗೇಜಿನ ಗಾಂಭೀರ್ಯ ಹೋಗುತ್ತದೆ. ನಿಜವಾದ ಅಗಲ ಬೇಕೆಂದರೆ ಹಳಿ, ಚಕ್ರ, ಅಚ್ಚು ಎಲ್ಲವನ್ನೂ ತಾನೇ ಮಾಡಿಕೊಳ್ಳಬೇಕು. ಮೀಟರ್‌ಗೇಜಿನವರು ಅದೃಷ್ಟವಂತರು. 1000ವನ್ನು 87ರಿಂದ ಭಾಗಿಸಿದರೆ 11.5, ಟಿಟಿ ಅಳತೆಯ 12 ಮಿ.ಮೀ. ಹಳಿ ಬಹುಮಟ್ಟಿಗೆ ಸರಿಹೋಗುತ್ತದೆ. ಒಂದು ಕಾಲದಲ್ಲಿ ಮೀಟರ್‌ಗೇಜ್ ಆಗಿದ್ದ ಬೆಂಗಳೂರು-ಮೈಸೂರು ಮಾರ್ಗವನ್ನಾಗಲಿ, ಇಂದಿಗೂ ಮೀಟರ್‌ಗೇಜಿನಲ್ಲೇ ಇರುವ ನೀಲಗಿರಿಯ ಬೆಟ್ಟದ ರೈಲನ್ನಾಗಲಿ ಹೀಗೆ ಕಟ್ಟಬಹುದು. ಕಾಲ್ಕಾ-ಶಿಮ್ಲಾ ಮಾರ್ಗದ ನ್ಯಾರೋಗೇಜ್ 762 ಮಿ.ಮೀ.; 87ರಿಂದ ಭಾಗಿಸಿದರೆ 8.8. ಅದಕ್ಕೆ ಎನ್ ಅಳತೆಯ 9 ಮಿ.ಮೀ. ಹಳಿಯೇ ಸಾಕು. ಒಬ್ಬನ ಮೇಜಿನ ಮೇಲೆ ಜರ್ಮನಿಯ ಎಕ್ಸ್‌ಪ್ರೆಸ್ ರೈಲು ಓಡುವ ಹಳಿಯ ಮೇಲೆಯೇ ಇನ್ನೊಬ್ಬನ ಮೇಜಿನಲ್ಲಿ ಶಿಮ್ಲಾದ ಪುಟ್ಟ ರೈಲು ಬೆಟ್ಟವೇರುತ್ತದೆ. ಗೇಜು ಒಂದೇ, ಪ್ರಮಾಣ ಬೇರೆ.

ಸ್ಥಳ, ತೂಕ, ಕಣ್ಣು, ಹಣ ಇವೆಲ್ಲ ಹೊರಗಿನ ಕಟ್ಟುಗಳು. ಕಟ್ಟುವವನಿಗೆ ತಾನು ಏನನ್ನು ಕಟ್ಟಬೇಕೆಂಬುದು ಖಚಿತವಾಗಿ ತಿಳಿದಿದ್ದರೆ ಆರಿಸುವುದು ಸುಲಭವಾಗುತ್ತದೆ. ಹ್ಯಾಂಬರ್ಗ್ ನಗರದಲ್ಲಿ 2001ರಲ್ಲಿ ಆರಂಭವಾದ ಕಿರುರೈಲಿನ ಮಹಾಪ್ರದರ್ಶನವು ಎಚ್‌ಓ ಪ್ರಮಾಣದಲ್ಲಿದೆ. ಅದರ ಹಳಿಗಳ ಉದ್ದ 15 ಕಿ.ಮೀ.ಗಿಂತ ಹೆಚ್ಚು. ಅಷ್ಟೊಂದು ಎಂಜಿನು, ಮೋಟಾರುಕಾರು, ಮನೆ, ಮನುಷ್ಯರನ್ನು ಅಂಗಡಿಯಿಂದ ತರಬೇಕಾದಾಗ ಎಲ್ಲರೂ ಬಳಸುವ ಅಳತೆಯೇ ಯೋಗ್ಯ. ಅಲ್ಲಿಯ ಉದ್ದೇಶ ಜನರನ್ನು ಬೆರಗುಗೊಳಿಸುವುದು. ಅದು ಚೆನ್ನಾಗಿಯೇ ನೆರವೇರಿದೆ.

ಇಂಗ್ಲೆಂಡಿನ ರಾಯ್ ಇಂಗ್ಲೆಂಡ್ ಎಂಬಾತನ ಉದ್ದೇಶ ಬೇರೆಯಾಗಿತ್ತು. ಹೆಸರು ಇಂಗ್ಲೆಂಡ್ ಎಂದಿದ್ದರೂ ಅವನು ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ. 1925ರಲ್ಲಿ ಇಂಗ್ಲೆಂಡಿಗೆ ಬಂದ ಆ ತರುಣನು ದಕ್ಷಿಣ ಇಂಗ್ಲೆಂಡಿನ ‘ಬಿಳಿ ಕುದುರೆಯ ಕಣಿವೆ’ ಎಂಬ ಪ್ರದೇಶಕ್ಕೆ ಮನಸೋತನು. ಹುಲ್ಲುಹೊದಿಕೆಯ ಮನೆಗಳು, ಸುಣ್ಣಕಲ್ಲಿನ ಗೋಡೆಗಳು, ಅವುಗಳ ಆಚೆ ಗ್ರೇಟ್ ವೆಸ್ಟರ್ನ್ ರೈಲುಮಾರ್ಗ. ಅವನ ಕಣ್ಣೆದುರೇ ಆ ಮನೆಗಳು ಒಂದೊಂದಾಗಿ ಮರೆಯಾಗುತ್ತಿದ್ದುವು. ಹುಲ್ಲು ಹೋಗಿ ಹೊಸ ಹೊದಿಕೆ ಬರುತ್ತಿತ್ತು, ಕೆಲವು ಮನೆಗಳನ್ನು ಕೆಡವುತ್ತಿದ್ದರು. ಅವುಗಳನ್ನು ತಡೆದು ನಿಲ್ಲಿಸುವ ಶಕ್ತಿ ಅವನಿಗಿರಲಿಲ್ಲ. ಅಳೆದು, ಚಿತ್ರ ತೆಗೆದು, ಬರೆದಿಟ್ಟುಕೊಂಡು, ಕಣಿವೆ ಹೇಗಿತ್ತೋ ಹಾಗೆಯೇ ಕಿರಿದಾಗಿ ಕಟ್ಟಿಡಬೇಕೆಂದು ಅವನು ಸಂಕಲ್ಪಿಸಿದನು. 1954ರಲ್ಲಿ ಲಾಂಗ್ ವಿಟ್ಟೆನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಪೆಂಡನ್ ಎಂಬ ಸಂಗ್ರಹಾಲಯ ಆರಂಭವಾಯಿತು.

ಅಲ್ಲಿ ಹಿಡಿದ ಪ್ರಮಾಣ ಅಡಿಗೆ ನಾಲ್ಕು ಮಿ.ಮೀ. ಈ ಆಯ್ಕೆಯ ಔಚಿತ್ಯವನ್ನು ಲೆಕ್ಕದಿಂದ ನೋಡಬಹುದು. ಐದು ಮೀಟರ್ ಎತ್ತರದ ಮನೆ ಇಲ್ಲಿ ಆರೂವರೆ ಸೆಂ.ಮೀ. ಆಗುತ್ತದೆ, ಅದರ ಬಾಗಿಲ ಕೀಲು, ಕಿಟಕಿಯ ಪರದೆ, ಗೋಡೆಯಲ್ಲಿ ಕಳಚಿದ ಗಾರೆಯನ್ನು ತೋರಿಸಬಹುದು. ಅದೇ ಮನೆ ಎನ್ ಅಳತೆಯಲ್ಲಾದರೆ ಮೂರೂವರೆ ಸೆಂ.ಮೀ. ಕೂಡ ಇರದು; ಅದು ದೂರದಿಂದ ಕಂಡ ಮನೆಯಾದೀತೇ ಹೊರತು ಒಬ್ಬರು ಬಾಳಿದ ಮನೆಯಾಗದು. ಸೊನ್ನೆಯ ಗೇಜಿನಲ್ಲಾದರೆ ಮನೆಯೊಂದರ ಸೂಕ್ಷ್ಮಗಳು ಇನ್ನೂ ಚೆನ್ನಾಗಿ ಬಂದಾವು. ಆದರೆ 300 ಮೀಟರ್ ಹಬ್ಬಿದ ಹಳ್ಳಿಗೆ ಏಳು ಮೀಟರ್ ಬೇಕಾಗಿ ಕೋಣೆಯಲ್ಲಿ ಹಳ್ಳಿ ಹಿಡಿಸಿದರೆ ಕಣಿವೆ ಹಿಡಿಸದು. ನಾಲ್ಕು ಮಿ.ಮೀ. ಪ್ರಮಾಣದಲ್ಲಿ ನಾಲ್ಕು ಮೀಟರ್ ಸಾಕು. ಹೊಲಗಳಿಗೂ ಗುಡ್ಡಕ್ಕೂ ಜಾಗ ಉಳಿಯುತ್ತದೆ.

ಹಳಿಯ ವಿಷಯದಲ್ಲಿ ಅವರು ರೂಢಿಯ ಇಕ್ಕಟ್ಟಾದ ಹಳಿಗೆ ಒಪ್ಪಲಿಲ್ಲ. ಕಣಿವೆಯನ್ನು ಇದ್ದಂತೆಯೇ ಉಳಿಸಹೊರಟವರು ಅದರ ರೈಲುಮಾರ್ಗವನ್ನು ಮಾತ್ರ ತಪ್ಪಾಗಿ ತೋರಿಸುವುದು ಹೇಗೆ? ಪೆಂಡನ್ನಿನ ರೈಲುಗಳು 18 ಮಿ.ಮೀ. ಹಳಿಯ ಮೇಲೆ ಓಡುತ್ತವೆ. ಅವುಗಳಿಗಾಗಿ ಅಂಗಡಿಯಿಂದ ಎಂಜಿನನ್ನು ತಂದು ಇಟ್ಟುಬಿಡುವಂತಿಲ್ಲ. ಅದರ ಚಕ್ರಗಳನ್ನಾದರೂ ಬದಲಾಯಿಸಬೇಕು. ಮನೆಗಳನ್ನು ರಟ್ಟಿನಿಂದ ಕತ್ತರಿಸಿ, ಇಟ್ಟಿಗೆಯ ಗೆರೆಗಳನ್ನು ಕೈಯಿಂದಲೇ ಮೂಡಿಸಿ, ಜಲವರ್ಣದಿಂದ ಬಣ್ಣ ಕೊಡುತ್ತಾರೆ. ಒಂದು ಮನೆಗೆ ತಿಂಗಳುಗಳೇ ಹಿಡಿಯುತ್ತವೆ. ರಾಯ್ ಇಂಗ್ಲೆಂಡ್ 1995ರಲ್ಲಿ ತೀರಿಕೊಂಡನು. ಕಣಿವೆಯ ಮಾದರಿ ಆಗ ಪೂರ್ಣವಾಗಿರಲಿಲ್ಲ. ಸ್ವಯಂಸೇವಕರು ಅದೇ ಪ್ರಮಾಣದಲ್ಲಿ ಅದರ ಕೆಲಸವನ್ನು ಮುಂದುವರಿಸಿಕೊಂಡು ಬಂದಿದ್ದಾರೆ.